ಹಾರ ಹಾಕಿದ ಮುಖಪುಟ

ಪತ್ರಿಕೆ ಕೊಳ್ಳುವವರು ಬೇರೆ, ಓದುವವರು ಬೇರೆ ಎಂಬ ಜ್ಞಾನ ನನಗೆ ಗದಗಿನಲ್ಲಿ ಸಂಗೀತದ ಮಾಸಿಕವೊಂದನ್ನು ತೆಗೆದ ಮೇಲೆ ಬಂತು. ನಮ್ಮ ಕಡೆಯ ಜನ ಮುಖಪುಟವನ್ನು ಕತ್ತರಿಸಿ, ಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕುತ್ತಾರೆ. ಒಳಗಿನ ರಾಗವಿಚಾರವೆಲ್ಲ ಮಿರ್ಚಿ ಭಜಿ ಕಟ್ಟಿಕೊಡಲು ಹೋಗುತ್ತದೆ. ನನ್ನ ಸಂಪಾದಕೀಯ ಎಣ್ಣೆಯನ್ನು ಬಲು ಚೆನ್ನಾಗಿ ಹೀರುತ್ತದೆಂದು ಬೆಟಗೇರಿಯ ಅಂಗಡಿಯವನೊಬ್ಬ ಎದುರಿಗೇ ಹೊಗಳಿದ್ದಾನೆ. ಸರಸ್ವತಿಯನ್ನು ಹಾಕಿದರೆ ಲಕ್ಷ್ಮೇಶ್ವರದಲ್ಲಿ ಒಂದೂ ಪ್ರತಿ ಉಳಿಯುತ್ತಿರಲಿಲ್ಲ. ಕಲಾತ್ಮಕವಾಗಿರಲಿ ಎಂದು ಒಮ್ಮೆ ತಂಬೂರಿಯ ಬುಡವನ್ನಷ್ಟೇ ದೊಡ್ಡದಾಗಿ ಅಚ್ಚು ಹಾಕಿಸಿದೆ. ಶಿರಹಟ್ಟಿಯ ಗಿರಾಕಿಯೊಬ್ಬ, "ಕುಂಬಳಕಾಯಿ ಬೆಳಿ ಬಗ್ಗೆ ಒಳಗ ಏನೂ ಇಲ್ಲಲ್ರಿ?" ಎಂದು ಹಿಂದಿರುಗಿಸಿದ.

ಹೀಗಿರುವಾಗ ಮುಳಗುಂದದ ಫಕೀರಪ್ಪ ಮಾಸ್ತರರು ಬಂದರು. ಒಳ್ಳೆಯ ಹಾಡುಗಾರರು, ವಯಸ್ಸಾಗಿತ್ತು, ಕರೆಯುವವರು ಕಡಿಮೆಯಾಗಿದ್ದರು. "ಒಮ್ಮೆ ನನ್ನ ಫೋಟೋ ಹಾಕ್ರಿ. ನಾಕು ಮಂದಿ ನೋಡಿದ್ರ ಹಾಡಾಕರ ಕರೀತಾರ," ಎಂದರು. ತಂದದ್ದು ಸನ್ಮಾನದ ಫೋಟೋ, ಕೊರಳಲ್ಲಿ ದಪ್ಪನೆಯ ಹಾರ. ಹಾರವಿಲ್ಲದ್ದು ಇದೆಯೇ ಎಂದು ಕೇಳಿದೆ. "ಜನ್ಮದಾಗ ಒಂದ ಸಲ ಹಾಕ್ಯಾರ್ರಿ, ಅದನ್ನೂ ತಗೀಬೇಕೇನು?" ಎಂದರು. ಪಾಪ ಅನ್ನಿಸಿತು, ಒಪ್ಪಿದೆ.

ಅದು ಏಕೀಕರಣದ ತಿಂಗಳು. ಪ್ರೆಸ್ಸಿನ ಬಣ್ಣದ ಶಾಯಿಯನ್ನೆಲ್ಲ ಮೆರವಣಿಗೆಯ ಪೋಸ್ಟರುಗಳು ಕುಡಿದುಬಿಟ್ಟಿದ್ದವು. "ಕಪ್ಪ ಒಂದ ಉಳದೈತ್ರಿ. ದಪ್ಪಗೆ ಅಂಚ ಕಟ್ಟತೀನಿ, ಎದ್ದ ಕಾಣತೈತಿ," ಎಂದ ಮುದ್ರಕ. ನಾಡು ಒಂದಾದ ಸಂಭ್ರಮದಲ್ಲಿ ನನಗೂ ಬುದ್ಧಿ ಓಡಲಿಲ್ಲ. ಕೊರಳಿಗೆ ಹಾರ, ಸುತ್ತ ಕಪ್ಪು ಅಂಚು. ಪತ್ರಿಕೆ ಎಂದೂ ಹೋಗದ ಹಾಗೆ ಹೋಯಿತು. ಮುಂಡರಗಿಯ ಏಜೆಂಟ್ ಇನ್ನಷ್ಟು ಪ್ರತಿ ಬೇಡಿದ. ನಾನು ಹಿರಿಹಿರಿ ಹಿಗ್ಗಿ, ಓದುಗರ ನಾಡಿ ಕೈಗೆ ಸಿಕ್ಕಿತೆಂದು ಹೆಂಡತಿಯ ಮುಂದೆ ಕೊಚ್ಚಿಕೊಂಡೆ. ಅಷ್ಟರಲ್ಲಿ ಮಾಸ್ತರರು ಬಂದು ಬಾಗಿಲಲ್ಲಿ ನಿಂತರು.

"ನಾ ಸತ್ತೀನಂತಲ್ರಿ! ಕೊರ್ಲಹಳ್ಳ್ಯಾಗ ಹೋದ ತಿಂಗಳ ಹಾಡಾಕ ಹೇಳಿದ್ರು. ಹೋದ್ರ ನನ್ನ ಜಾಗಾದಾಗ ಬ್ಯಾರೆಯವನ್ನ ಕುಂಡ್ರಿಸ್ಯಾರ, ನನ್ನ ಪಟಕ್ಕ ಊದಿನಕಡ್ಡಿ ಹಚ್ಚ್ಯಾರ. ನಾ ಜೀವಂತ ಅದೀನ್ರೋ ಅಂದ್ರ, 'ಕುಂಡ್ರಿ ಯಜ್ಜಾರ, ಮೊದಲ ಮೌನ ಮುಗೀಲಿ' ಅಂದ್ರು."

ತಪ್ಪು ತಿದ್ದುತ್ತೇನೆಂದು ಮಾತು ಕೊಟ್ಟೆ. ಮುಂದಿನ ತಿಂಗಳು ಅವರದೇ ನಗುಮುಖ ಹಾಕಿದೆ. ಹಾರವಿಲ್ಲ, ಗುಲಾಬಿ ಅಂಚು, ಕೆಳಗೆ 'ಮಾಸ್ತರರು ಕ್ಷೇಮ' ಎಂಬ ಒಕ್ಕಣೆ. ಪ್ರತಿಗಳು ಕಟ್ಟು ಬಿಚ್ಚದೆ ಮರಳಿದವು. "ಇವರ ಪಟ ಮನಿಮನ್ಯಾಗ ಐತ್ರಿ, ಮತ್ತ್ಯಾಕ?" ಎಂದ ಏಜೆಂಟ್. ಹಾಡಲು ಯಾರೂ ಕರೆಯಲಿಲ್ಲ. ಒಮ್ಮೆ ಗೋಡೆ ಏರಿದವರನ್ನು ಯಾರು ತಾನೇ ಕರೆದಾರು? ಬೇಸಿಗೆಯಲ್ಲಿ ಮಾಸ್ತರರು ನಿಜವಾಗಿಯೂ ಹೋದರು. ಮಣ್ಣಿಗೆ ಬನ್ನಿ ಎಂದು ನಾನೇ ಊರೂರಿಗೆ ಸುದ್ದಿ ಕಳಿಸಿದೆ. "ಅವರು ಹೋಗಿ ಭಾಳ ದಿನಾತಲ್ರಿ" ಎಂಬ ಉತ್ತರ ಬಂತು. ಬಂದವರು ಮನೆಯವರು, ಮುದ್ರಕ, ನಾನು. ಅವರ ಕೊರಳಿಗೆ ಎರಡನೆಯ ಹಾರವನ್ನು ನಾನೇ ಹಾಕಿದೆ.

ಮರುವಾರ ಏಜೆಂಟ್ ಬಂದ. ನಾಲ್ಕು ದಿನದಿಂದ ಬಿಡದಿದ್ದ ನನ್ನ ಕೆಮ್ಮನ್ನು ಕಿವಿಗೊಟ್ಟು ಕೇಳಿದ. "ಸಾಹೇಬ್ರ, ಹಾರ ಹಾಕ್ಕೊಂಡು ನೀವೂ ಒಂದು ಫೋಟೋ ತೆಗಿಸಿ ಇಡ್ರಿ. ವ್ಯಾಳ್ಯಾಕ್ಕ ಸಿಗೂದಿಲ್ಲ," ಎಂದ. ಬಾಯಿಗೆ ಬಂದಂತೆ ಬೈದು ಅಟ್ಟಿದೆ. ಆಮೇಲೆ ಕನ್ನಡಿಯ ಮುಂದೆ ನಿಂತು, ಯಾವ ಮಗ್ಗುಲಿನಿಂದ ಚೆನ್ನಾಗಿ ಕಾಣುತ್ತೇನೆಂದು ನೋಡಿಕೊಂಡೆ.