ಲೇತ್ ಶ್ರುತಿಯ ಶೋಕಗೀತೆಗಳು

ಪೀಣ್ಯದಲ್ಲಿ ಕಬ್ಬಿಣ ಕಡೆಯುವ ಲೇತ್ ಮೆಷಿನ್ನನ್ನು ತಂಬೂರಿಯಾಗಿ ಬಳಸಿದ ಏಕೈಕ ಗಾಯಕ ನನ್ನ ತಂಗಿಯ ಗಂಡ. ಇನ್ನೊಬ್ಬರು ಇದ್ದರೆ ದಯವಿಟ್ಟು ನನಗೆ ತಿಳಿಸಬೇಡಿ. ಒಬ್ಬನನ್ನು ಸಹಿಸುವುದರಲ್ಲೇ ನನ್ನ ಆಯಸ್ಸು ಸವೆದಿದೆ!

ಅವನದು ಹುಟ್ಟಿನಿಂದಲೇ ಅಳುವ ಗಂಟಲು. ನಾಮಕರಣದಲ್ಲಿ ಜೋಗುಳ ಹಾಡಿದರೆ ಬಾಣಂತಿ ಮಗುವನ್ನು ಅವಚಿಕೊಂಡು ಒಳಗೆ ಓಡುತ್ತಿದ್ದಳು. ಹಾಗಾಗಿ ಭಜನೆ ಮಂಡಳಿಯವರು ಅವನನ್ನು ಸಾವಿನ ಮನೆಗಳಿಗೆ ಮಾತ್ರ ಕರೆಯುತ್ತಿದ್ದರು.

ಒಂದು ದಿನ ಸಾವು ಅವನ ಮನೆಗೇ ಬಂತು. ಕೆಲಸಕ್ಕೆ ಹೊರಟ ಒಬ್ಬಳೇ ಮಗಳ ಸ್ಕೂಟರ್ ನೀರಿನ ಟ್ಯಾಂಕರಿನಡಿ ಸಿಕ್ಕಿತು. ಊರಿಗೆಲ್ಲ ಹಾಡಿದವನು ಅಂದು ಬಾಯಿ ತೆರೆಯಲಿಲ್ಲ. ನನ್ನ ತಂಗಿ ಅಂದೂ ಅಳಲಿಲ್ಲ, ಆಮೇಲೂ ಅಳಲಿಲ್ಲ. ಒರೆಸಿದ ನೆಲವನ್ನೇ ಒರೆಸುತ್ತಾ ಒಣಗಿಹೋದಳು.

"ಭಾವ, ಇವಳು ಒಂದ್ಸಲ ಅತ್ತುಬಿಟ್ರೆ ಉಳ್ಕೋತಾಳೆ. ನಾನು ಅಳಿಸ್ತೀನಿ," ಅಂದ.

"ಹೇಗಯ್ಯಾ?"

"ಹಾಡಿನ ಆಲ್ಬಂ ಮಾಡಿ!"

ಭಾನುವಾರ, ಅಕ್ಕಪಕ್ಕದ ಶೆಡ್ಡುಗಳು ಮುಚ್ಚಿದ್ದಾಗ, ತನ್ನ ವರ್ಕ್‌ಶಾಪಿನಲ್ಲೇ ರೆಕಾರ್ಡಿಂಗ್ ಇಟ್ಟುಕೊಂಡ. ಅವರ ಮಹಡಿಯಲ್ಲಿ ಬಾಡಿಗೆಗಿದ್ದ ವೈಟ್‌ಫೀಲ್ಡ್ ಕಂಪನಿಯ ಹುಡುಗಿ ಮೈಕು ತಂದಳು. ಇವನು ಖಾಲಿ ಲೇತ್ ಓಡಿಸಿ, "ಜನ್ಮವೆಲ್ಲಾ ಇದರ ಗುಂಯ್ ಕೇಳ್ಕೊಂಡೇ ಹಾಡಿದ್ದೀನಿ. ಇದೇ ನನ್ನ ಶ್ರುತಿ," ಅಂದ. ವೋಲ್ಟೇಜ್ ಇಳಿದಾಗ ಲೇತಿನ ಶ್ರುತಿಯೂ ಇಳಿಯಿತು. ಅದರ ಹಿಂದೆ ಇವನೂ ಇಳಿದ! ಪ್ರತಿ ಹಾಡೂ ನೆಲದಲ್ಲಿ ಶುರುವಾಗಿ ಬಾವಿಯ ತಳದಲ್ಲಿ ನಿಂತಿತು.

ಹುಡುಗಿ ಅದನ್ನು ಇಂಟರ್ನೆಟ್ಟಿಗೆ ಹಾಕಿದಳು. ಯಾರೋ ವಿಮರ್ಶಕರು, "ಶ್ರುತಿಯನ್ನೇ ಕುಸಿಯಬಿಟ್ಟ ದಿಟ್ಟ ಪ್ರಯೋಗ, ಅಪ್ಪಟ ಸೋಲ್ ಮ್ಯೂಸಿಕ್" ಎಂದು ಬರೆದರು.

"ಸೋಲ್ ಮ್ಯೂಸಿಕ್ ಅಂದ್ರೇನಮ್ಮ?" ಕೇಳಿದೆ.

"ಆತ್ಮದಿಂದ ಬರೋ ಸಂಗೀತ ಅಂಕಲ್."

"ಆತ್ಮದಿಂದಲ್ಲ, ಟ್ರಾನ್ಸ್‌ಫಾರ್ಮರಿಂದ ಬಂದದ್ದು," ಅಂದೆ.

ಸ್ಥಳೀಯ ವಿಮರ್ಶೆ ಇಷ್ಟು ಉದಾರವಾಗಿರಲಿಲ್ಲ. ಪಾರ್ಕಿನಲ್ಲಿ ಇವನು ಫೋನಿನಿಂದ ಹಾಡು ಹಾಕಿದಾಗ ಒಬ್ಬರು ಕೈಮುಗಿದರು: "ಡಾಕ್ಟ್ರು ನಂಗೆ ವಾಕ್ ಮಾಡಿ ಅಂದಿದ್ದಾರೆ ಕಣ್ರೀ, ಸಾಯಿ ಅಂದಿಲ್ಲ!" ಭಜನೆ ಮಂಡಳಿಯ ಮುಖ್ಯಸ್ಥರು, "ಎದುರಿಗೆ ಹೆಣ ಇಲ್ದೆ ಇದನ್ನ ಕೇಳೋಕಾಗಲ್ಲ ಗುರು," ಅಂದರು.

ನಾನು ಸ್ನಾನ ಮುಗಿಸಿ, ಬೆನ್ನು ನೇರ ಮಾಡಿ ಕುಳಿತು, ಕ್ರಮವಾಗಿ ಎಲ್ಲವನ್ನೂ ಕೇಳಿದೆ. "ಯಾವ ಹಾಡಿಗೂ ಮುಕ್ತಾಯವಿಲ್ಲ. ಹಿಡಿದ ಕೆಲಸ ಮುಗಿಸಬೇಕಯ್ಯಾ," ಅಂದೆ.

"ದುಃಖ ಮುಗಿದ್ರೆ ತಾನೆ ಭಾವ, ಹಾಡು ಮುಗಿಯೋದು?"

ಶಿಸ್ತಿನ ಮನುಷ್ಯನಿಗೆ ಇಂಥ ಉತ್ತರ ಕೊಟ್ಟರೆ ಏನು ಮಾಡುವುದು ಹೇಳಿ?

ಯಾರಿಗಾಗಿ ಮಾಡಿದನೋ ಅವಳು ಮಾತ್ರ ಕೇಳಲಿಲ್ಲ. ಅವನು ಹಾಡು ಹಾಕಿದೊಡನೆ ತಂಗಿ ಮಿಕ್ಸಿ ಹಾಕುತ್ತಿದ್ದಳು. ಆ ಮನೆಯಲ್ಲಿ ಅರೆದಷ್ಟು ಚಟ್ನಿಯನ್ನು ಯಾವ ಹೋಟೆಲಿನವರೂ ಅರೆದಿರಲಾರರು! ತಿನ್ನುವವರು ಯಾರು? ಎರಡು ತಟ್ಟೆಯ ಮನೆ.

ಮಗಳ ವರ್ಷದ ಕಾರ್ಯ ಬಂತು. ಊಟ ಮುಗಿಸಿ ನೆಂಟರು ಹೋದರು, ನಾನು ಉಳಿದೆ. ಕರೆಂಟೂ ಹೋಯಿತು. ಅವನು ಫೋನಿನಲ್ಲಿ ಹಾಡು ಹಾಕಿದ. ಮಿಕ್ಸಿಯ ಆಸರೆ ತಪ್ಪಿದ ತಂಗಿ ಗೋಡೆಗೊರಗಿ ಕುಳಿತು, ಕೊನೆಯ ಹಾಡಿನವರೆಗೆ ಕೇಳಿದಳು. ಕಣ್ಣು ಮಾತ್ರ ಒಣಗಿಯೇ ಇತ್ತು.

"ಹೆಂಗಿತ್ತೇ?" ಅಂದ, ಪರೀಕ್ಷೆ ಬರೆದವನಂತೆ.

"ಎಲ್ಲಾ ಹಾಡಲ್ಲೂ ಅವಳು ಸತ್ತೇ ಇದಾಳಲ್ರೀ," ಅಂದಳು. "ಅಷ್ಟು ವರ್ಷ ಬದುಕಿದ್ಲು. ಅದು ಎಲ್ಲಿದೆ?"

ಯಾವ ವಿಮರ್ಶಕರಿಗೂ ಹೊಳೆಯದ ಮಾತು. ನನಗೂ ಹೊಳೆದಿರಲಿಲ್ಲ.

ಅವನು ತಬ್ಬಿಬ್ಬಾದ. ಗಂಟಲು ಸರಿಮಾಡಿಕೊಂಡು, ತಟ್ಟೆಯ ಚಿತ್ರಾನ್ನದಿಂದ ಕಡಲೆಬೀಜ ಆರಿಸಿ ತಿನ್ನುತ್ತಿದ್ದ ಮಗಳ ಮೇಲೆ ಅಲ್ಲೇ ಒಂದು ಸಾಲು ಹೊಸೆದು ಹಾಡಿದ. ಆ ಗಂಟಲಲ್ಲಿ ಕಡಲೆಬೀಜವೂ ಸ್ಮಶಾನಕ್ಕೆ ಹೊರಟಂತಿತ್ತು.

"ಸುಳ್ಳು!" ತಂಗಿ ತಡೆದಳು. "ಮೊದ್ಲು ನಿಮ್ಮ ತಟ್ಟೇದು ಆರಿಸ್ತಿದ್ಲು. ಆಮೇಲೆ ನಂದು. ತನ್ನದನ್ನ ಕೊನೇಗೆ..."

ಗಂಡನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಆಮೇಲೆ ಬಂದ ಸದ್ದನ್ನು ನಾನು ಬರೆಯಲಾರೆ.

ಎದ್ದು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಗ್ಯಾಸ್ ಸಿಲಿಂಡರ್ ಹೊತ್ತು ಮೆಟ್ಟಿಲೇರಿದವನು ಒಳಗಿನ ಅಳು ಕೇಳಿ ನಿಂತ.

"ಏನಾಯ್ತು ಸಾರ್?"

"ಮಗಳು ತೀರಿಕೊಂಡಳಪ್ಪಾ," ಅಂದೆ.

ಅವನು ಸಿಲಿಂಡರನ್ನು ಸದ್ದಾಗದಂತೆ ಇಳಿಸಿ, ಚಪ್ಪಲಿ ಬಿಟ್ಟು ನನ್ನ ಪಕ್ಕ ನಿಂತ.