ನೆಲದೊಲೆಯ ಬ್ರೆಡ್ಡು

ಕೇತಿಲನ ಮುತ್ತಜ್ಜ ಬಿರುಗಾಳಿಯಲ್ಲಿ ಕುಂಟುಗುದುರೆಯನ್ನು ಹೆಗಲ ಮೇಲೆ ಹೊತ್ತು ಲಾವಾ ಬಯಲು ದಾಟಿದವನು. ಅಜ್ಜ, ಬೆಟ್ಟ ಬೆಂಕಿ ಕಾರುವಾಗಲೂ ಕುರಿಗೆ ಮೇವು ಬೇಕಲ್ಲ ಎಂದು ಹುಲ್ಲು ಕುಯ್ಯುತ್ತ ನಿಂತವನು. ಅಪ್ಪನಂತೂ ಕುದಿಯುವ ಬುಗ್ಗೆಯಿಂದ ಮೊಟ್ಟೆಯನ್ನು ಬರಿಗೈಯಲ್ಲೇ ಎತ್ತಿ, "ಇನ್ನೂ ಬೇಯಬೇಕು" ಎಂದು ವಾಪಸು ಹಾಕಿದ ಧೀರ! ಇಂಥ ವಂಶದ ಕುಡಿಗೆ ಒಂದು ಬ್ರೆಡ್ಡು ಯಾವ ಮಹಾ?

ಮೊಮ್ಮಗಳು ಚರ್ಚಿನಲ್ಲಿ ದೀಕ್ಷೆ ಪಡೆಯುವ ದೃಢೀಕರಣದ ಔತಣ ನಾಳೆ. ಬ್ರೆಡ್ಡು ಮಾಡಬೇಕಾದ ಹೆಂಡತಿ ಹಾಲ್ಬೇರಾಳ ಮಣಿಕಟ್ಟು ಉಳುಕಿತ್ತು. ಐಸ್‌ಲ್ಯಾಂಡಿನ ಆ ಕರಿಮರಳ ಸೀಮೆಯಲ್ಲಿ ಬುಗ್ಗೆಗಳ ಪಕ್ಕ ಮನೆಗೊಂದು ಕುಳಿ. ಸಂಜೆ ರೈ ಧಾನ್ಯದ ಹಿಟ್ಟು ಕಲಸಿ ತುಂಬಿದ ಡಬ್ಬಿ ಹೂತರೆ ಮರುದಿನಕ್ಕೆ ನೆಲವೇ ಬೇಯಿಸಿ ಕೊಡುತ್ತದೆ.

"ನಾನು ಮಾಡ್ತೀನಿ ಬಿಡು! ಹೂಳೋದು, ಕೀಳೋದು. ಇದೂ ಒಂದು ವಿದ್ಯೆಯಾ?" ಎಂದ ಕೇತಿಲ.

"ಹೆಣಾನೂ ಹೂಳ್ತಾರೆ ಮಾರಾಯ, ಬ್ರೆಡ್ಡಾಗಲ್ಲ," ಎಂದಳು ಹಾಲ್ಬೇರಾ. "ನಮ್ಮ ಕುಳಿ ಬಿಟ್ಟು ಬೇರೆ ಕಡೆ ಕಾಲಿಡಬೇಡ."

ಅವಳ ಅಕ್ಕ ಗ್ರೋವಾ ಮೂಲೆಯಿಂದ ನಕ್ಕಳು. "ಇರಲಿ, ನಾನು ಅಂಗಡಿ ಬ್ರೆಡ್ಡು ತರ್ತೀನಿ."

ಅಂಗಡಿ ಬ್ರೆಡ್ಡು! ಮೊಮ್ಮಗಳ ಔತಣದಲ್ಲಿ! ಕೇತಿಲನ ಗಡ್ಡ ನಿಮಿರಿತು. ಹೆಂಡತಿಯ ಕುಳಿ ಅವನಿಗೆ ಆರಿದ ಒಲೆಯಂತೆ ಕಂಡಿತು. ಅವಳ ಮಾತು ಗಾಳಿಗೆ ತೂರಿ, ಹಬೆ ಬುಸುಗುಟ್ಟುವ ಕಡೆಗೇ ನಡೆದು, ಅಲ್ಲೇ ಅಗೆದು ಡಬ್ಬಿ ಹೂತು ಬಂದ. ಸಂಜೆಯ ಹಿಮಕ್ಕೆ ನೆಲ ಕಲ್ಲಾಗಿತ್ತು, ರಾಜನ ಹಾಗೆ ಹೋಗಿ ರಾಜನ ಹಾಗೆ ಬಂದ.

ವಸಂತಕಾಲದ ಬಿಸಿಲಿಗೆ ಹಿಮ ಕರಗುತ್ತದೆ, ಗಟ್ಟಿ ನೆಲ ಗಂಜಿಯಾಗುತ್ತದೆ ಎಂಬುದು ಅಲ್ಲಿನ ಕುರಿಗೂ ಗೊತ್ತು. ಕೇತಿಲನಿಗೂ ಗೊತ್ತಿತ್ತು, ನೆನಪಾದದ್ದು ಮಾತ್ರ ಮರುದಿನ ಡಬ್ಬಿ ಕಿತ್ತು ಎದ್ದಾಗ. ಆ ಹೊತ್ತಿಗೆ ಮೊಣಕಾಲು ಕೆಸರೊಳಗಿತ್ತು! ಪುಣ್ಯಕ್ಕೆ ಕರಗಿದ ಹಿಮ ಬೆರೆತು ಕೆಸರು ಸುಡುವಷ್ಟು ಬಿಸಿಯಿರಲಿಲ್ಲ. ಒಂದು ಕಾಲೆತ್ತಿದರೆ ಇನ್ನೊಂದು ಇಳಿಯಿತು. ಎರಡನ್ನೂ ಎತ್ತಲು ಹೋದ, ತೊಡೆಯೂ ಒಳಗೆ!

ಕಾದು ಕಾದು ಸಾಕಾಗಿ ಇಡೀ ಔತಣವೇ ಹುಡುಕಿಕೊಂಡು ಬಂತು: ಹಾಲ್ಬೇರಾ, ಬಿಳಿ ನಿಲುವಂಗಿಯ ಮೊಮ್ಮಗಳು ಸಲ್ವೋರ್, ಬೆಣ್ಣೆ, ಹೊಗೆಯಾಡಿಸಿದ ಮೀನು, ಕಂಕುಳಲ್ಲಿ ಅಂಗಡಿ ಬ್ರೆಡ್ಡು ಇಟ್ಟುಕೊಂಡ ಗ್ರೋವಾ.

"ಏನು ಕೇತಿಲ, ನೀನೂ ಬೇಯ್ತಿದ್ದೀಯಾ?" ಗ್ರೋವಾ ಕೂಗಿದಳು.

ಕೇತಿಲ ಡಬ್ಬಿಯನ್ನು ದಂಡೆಯ ಗಟ್ಟಿ ನೆಲಕ್ಕೆ ಎಸೆದ. ಮುಚ್ಚಳ ಹಾರಿತು. ಒಳಗೆ ಕಡುಗಂದು ಬಣ್ಣಕ್ಕೆ ತಿರುಗಿದ, ಬೆಲ್ಲದ ಪಾಕದಂತೆ ಘಮಘಮಿಸುವ ಕರಿಬ್ರೆಡ್ಡು! ಸಲ್ವೋರ್ ಬೆಣ್ಣೆ ಹಚ್ಚಿ ಕಚ್ಚಿ, ಕಣ್ಣು ಮುಚ್ಚಿದಳು. "ಅಜ್ಜಿ, ಬೇಜಾರು ಮಾಡ್ಕೋಬೇಡ. ನಿಂದಕ್ಕಿಂತ ಚೆನ್ನಾಗಿದೆ!"

ಗ್ರೋವಾ ತಾನೂ ಒಂದು ಚೂರು ಬಾಯಿಗಿಟ್ಟಳು. ಅಂಗಡಿ ಬ್ರೆಡ್ಡು ಸದ್ದಿಲ್ಲದೆ ಪಕ್ಕದ ಕೊಳದ ಬಾತುಕೋಳಿಗಳ ಪಾಲಾಯಿತು. ಕೆಸರಿನ ನಡುವೆ ಕೇತಿಲನ ಎದೆ ಮೊಳ ಉಬ್ಬಿತು. ಆ ಭಾರಕ್ಕೆ ಇನ್ನೂ ಗೇಣು ಇಳಿದ.

"ಗೆದ್ದೆ ಮಾರಾಯ, ಒಪ್ಪಿದೆ," ಎಂದು ಹಾಲ್ಬೇರಾ ಹಗ್ಗ ಎಸೆದಳು. "ಹಿಡ್ಕೋ, ಎಲ್ಲಾ ಸೇರಿ ಎಳೀತೀವಿ."

ಕೇತಿಲ ಕೆಳಗೊಮ್ಮೆ ನೋಡಿಕೊಂಡ. ಗತ್ತಿನಿಂದ ಹಗ್ಗವನ್ನು ವಾಪಸು ಎಸೆದ.

"ಹಗ್ಗಾನೂ ಬೇಡ, ಯಾರ ಕೈಯೂ ಬೇಡ, ನಾನೇ ಬರ್ತೀನಿ! ನೀವೆಲ್ಲ ಆ ಕಡೆ ತಿರುಗಿ ನಿಂತ್ಕೊಳ್ಳಿ ಸಾಕು. ಷರಾಯಿ ನನ್ನ ಜೊತೆ ಬರೋ ಹಾಗೆ ಕಾಣ್ತಿಲ್ಲ!"