ಕಾಕಾ ಅಗೆಯದೆ ಬಿಟ್ಟ ಹಿತ್ತಲು

ನಮ್ಮ ಕಾಕಾನನ್ನು ಮನೆಗೆ ಕರೆಯುವ ಮೊದಲು ನಿಮ್ಮ ಹಿತ್ತಲನ್ನು ಒಮ್ಮೆ ಕಣ್ತುಂಬ ನೋಡಿಕೊಂಡುಬಿಡಿ. ಅವರು ಎದ್ದು ಹೋದಮೇಲೂ ಅದು ಹಾಗೆಯೇ ಇರುತ್ತದೆಂದು ನಾನು ಮಾತು ಕೊಡಲಾರೆ! ಬೇರೆಯವರು ಬಂದರೆ ನೀರು ಕೇಳುತ್ತಾರೆ, ಚಹಾ ಕೇಳುತ್ತಾರೆ. ಇವರು ಚಪ್ಪಲಿ ಬಿಡುವ ಮೊದಲೇ, "ಹಿತ್ತಲಕ ದಾರಿ ಯಾವ ಕಡೆ ಐತ್ರಿ?" ಎನ್ನುತ್ತಾರೆ. ಪಾಪ, ಮನೆಯವರು ಏನೋ ಅವಸರವೆಂದು ತಿಳಿದು ಬಚ್ಚಲ ಕಡೆ ಕೈ ತೋರಿಸುತ್ತಾರೆ. ಕಾಕಾ ಅದನ್ನು ದಾಟಿ ಹೋಗಿ, ಪೇರಲ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು ನೆಲ ಅಗೆಯತೊಡಗುತ್ತಾರೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಬೆಳಗಾವಿಯ ಹಿಂದವಾಡಿಯಲ್ಲಿ ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ ಒಬ್ಬರೇ ಇರುತ್ತಾರೆ. ಒಂದು ಹಿತ್ತಾಳೆ ಫೌಂಡ್ರಿಯಲ್ಲಿ ಅಚ್ಚಿಗೆ ಉಸುಕು ತುಂಬುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಅವರು ನಿವೃತ್ತರಾಗುವ ಹೊತ್ತಿಗೆ, ಫೌಂಡ್ರಿಯವರು ಹಳೆಯ ಕರಿ ಉಸುಕು ಸುರಿಯುತ್ತಿದ್ದ ಜಾಗ ಎಷ್ಟು ಕೆಟ್ಟಿದೆಯೆಂದು ಪರೀಕ್ಷಿಸಲು ಕೆಲವರು ಬಂದರು. ಅಳತೆಯ ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕಾಗಿತ್ತು. ಕಾಕಾ ಹಿಡಿದರು. ಹಿಡಿದವರು ಇವತ್ತಿಗೂ ಬಿಟ್ಟಿಲ್ಲ!

ಅಂದಿನಿಂದ ಅವರ ಚೀಲದಲ್ಲಿ ಒಂದು ಕೈಸಲಿಕೆ, ಸುತಳಿ ಉಂಡೆ, ಮಣ್ಣು ಕಟ್ಟಲು ಹಾಳೆ ಪುಡಕೆ, ಪೆನ್ಸಿಲು. ನೆಲಕ್ಕೆ ಸುತಳಿ ಕಟ್ಟಿ ಚೌಕ ಮಾಡುವುದು, ಚೌಕಕ್ಕೊಂದು ಗುಂಡಿ. ಮೇಲಿನ ಗೇಣು ಮಣ್ಣು ಬೇರೆ, ಕೆಳಗಿನದು ಬೇರೆ; ಎರಡೂ ಪರೀಕ್ಷೆಗೆ ಪ್ರಯೋಗಾಲಯಕ್ಕೆ. ನಡುವೆ ಸಲಿಕೆ ತೊಳೆಯಲೇಬೇಕು. "ಒಂದರ ಮೈಲಿಗಿ ಇನ್ನೊಂದಕ್ಕ ಹತ್ತಬಾರದು" ಎನ್ನುತ್ತಾರೆ. ದೇವರ ಮುಂದೆ ಒಂದು ದಿನವೂ ಮಡಿಯುಟ್ಟು ಕೂತವರಲ್ಲ ಇವರು!

ನನಗೆ ಕನ್ಯಾ ನೋಡಲು ಕಾಕಾನನ್ನೂ ಕರೆದುಕೊಂಡು ಖಾನಾಪುರದ ಆಚೆ ಗುಂಜಿಗೆ ಹೋದದ್ದನ್ನು ನೆನೆದರೆ ಈಗಲೂ ಬೆವರುತ್ತೇನೆ. ಹುಡುಗಿ ಅವಲಕ್ಕಿ ತಂದಿಟ್ಟಳು. ನಾನು ತಲೆಯೆತ್ತಿ ನೋಡಬೇಕು, ಅಷ್ಟರಲ್ಲಿ ಹೊರಗಿನಿಂದ ಅವಳ ಅಜ್ಜಿಯ ಕೂಗು: "ಅಯ್ಯಯ್ಯ, ಹೊಸ್ತಿಲ ಮುಂದಿನ ಮಣ್ಣ ಪುಡಕೀ ಕಟ್ಟಾಕತ್ತಾರ. ಇವರು ಕನ್ಯಾ ನೋಡಾಕ ಬಂದವರಲ್ಲ, ಮಾಟಾ ಮಾಡಾಕ ಬಂದವರು."

ಎಲ್ಲರೂ ಧಡಕ್ಕನೆ ಎದ್ದು ನಿಂತರು. ಮದುವೆ ಹೋದರೆ ಹೋಗಲಿ, ಹೊಡೆಸಿಕೊಳ್ಳದೆ ರೈಲ್ವೆ ಸ್ಟೇಷನ್ ಮುಟ್ಟಿದರೆ ಸಾಕೆನಿಸಿತು. ಕಾಕಾ ಮಾತ್ರ ಪುಡಕೆಯ ಮೇಲೆ ಊರ ಹೆಸರು ಬರೆಯುತ್ತ ಕೂತಿದ್ದಾರೆ!

"ಮಾಟಾ ಅಲ್ರಿ ಅಜ್ಜಿ. ಬೆಳಗಾವ್ಯಾಗಿನ ಮಣ್ಣು ಎಷ್ಟ ಕೆಟ್ಟೈತಿ ಅಂತ ತಿಳೀಬೇಕಂದ್ರ, ಕೆಡದ ಮಣ್ಣು ಒಂದ ಬಾಜೂಕ ಇಟ್ಟ ನೋಡಬೇಕಲ್ರಿ? ನಿಮ್ಮದು ಅಡವಿ ಅಂಚಿನ ಮಣ್ಣು. ಬಂಗಾರ ಐತಿ."

ಮೊಮ್ಮಗಳನ್ನು ಹೊಗಳಿದ್ದರೂ ಅಜ್ಜಿ ಅಷ್ಟು ಕರಗುತ್ತಿರಲಿಲ್ಲ. ತಾವೇ ಒಳಗಿನಿಂದ ಡಬ್ಬಿ ತಂದು ಮಣ್ಣು ತುಂಬಿಸಿಕೊಟ್ಟರು. "ಹುಡುಗ ಹೆಂಗೋ ಏನೋ, ಕಾಕಾ ಮಾತ್ರ ಖರೇ ಮನಶ್ಯಾ" ಎಂದರು. ನನ್ನ ಮದುವೆ ನಿಶ್ಚಯವಾದದ್ದು ಹೀಗೆ.

ಆ ಕೆಂಪು ಮಣ್ಣಿನ ಡಬ್ಬಿಯನ್ನು ಕಾಕಾ ನಮ್ಮ ಅಡುಗೆಮನೆಯಲ್ಲಿಟ್ಟರು. ಅಲ್ಲಿ ಬೆಚ್ಚಗಿರುತ್ತದೆ, ಮಣ್ಣು ಒಣಗುತ್ತದೆಯಂತೆ. ಹೊಸದಾಗಿ ಬಂದ ನನ್ನ ಹೆಂಡತಿ ಅದನ್ನು ಖಾರದಪುಡಿಯೆಂದು ಬದನೆಕಾಯಿ ಪಲ್ಯಕ್ಕೆ ಧಾರಾಳವಾಗಿ ಹಾಕಿದಳು. ಎರಡನೆಯ ತುತ್ತಿಗೆ ಎಲ್ಲರ ಹಲ್ಲೂ ಕರಕರ! ವಿಷಯ ತಿಳಿದು ನಾನು ಬಚ್ಚಲಿಗೆ ಓಡಿದೆ, ಅವಳು ಅಳತೊಡಗಿದಳು. ಕಾಕಾ ರೊಟ್ಟಿ ಮುರಿಯುತ್ತ, "ಅಳಬ್ಯಾಡವಾ, ನಿನ್ನ ತವರಮನೀದ ಐತಿ" ಎಂದು ಇನ್ನೊಂದಿಷ್ಟು ಪಲ್ಯ ಹಾಕಿಸಿಕೊಂಡರು.

ಹೀಗೆ ಹಿಂದವಾಡಿಯ ಎಷ್ಟೋ ಹಿತ್ತಲುಗಳು ಅಗೆಸಿಕೊಂಡವು. ನಮ್ಮದೊಂದು ಉಳಿಯಿತು. "ನಮ್ಮ ಮಣ್ಣೇನ ಪಾಪ ಮಾಡೇತಿ ಕಾಕಾ?" ಎಂದು ಚುಡಾಯಿಸಿದರೆ, "ನೋಡೂಣು ಬಿಡು" ಎಂದು ಮಾತು ತೇಲಿಸುತ್ತಿದ್ದರು. ನನಗೆ ಒಳಗೊಳಗೇ ಅವಮಾನ. ಅವರಿವರ ಹಿತ್ತಲಿಗಿದ್ದ ಯೋಗ್ಯತೆ ನಮ್ಮದಕ್ಕಿಲ್ಲವೆ?

ಒಂದು ಭಾನುವಾರ ನನ್ನ ಮೂರು ವರ್ಷದ ಮಗಳು ಹಿತ್ತಲಲ್ಲಿ ಕೂತು ಮಣ್ಣಿನ ರೊಟ್ಟಿ ತಟ್ಟುತ್ತಿದ್ದಳು. ರುಚಿ ನೋಡಲು ಬೆರಳು ಬಾಯಿಗಿಟ್ಟಳು. ಆಗಷ್ಟೇ ಒಳಬಂದ ಕಾಕಾ ಹಾರಿಬಿದ್ದು ಅವಳನ್ನು ಎತ್ತಿಕೊಂಡು ನಳದ ಕೆಳಗೆ ಹಿಡಿದರು. ಕೈ ತೊಳೆದರು, ಬಾಯಿ ತೊಳೆದರು, ಮತ್ತೆ ಕೈ ತೊಳೆದರು. ಮಗು ಚೀರುತ್ತಿತ್ತು. ನಾನು, ನನ್ನ ಹೆಂಡತಿ ದಂಗಾಗಿ ನಿಂತೆವು.

ಮಾರನೆಯ ದಿನ ನಮ್ಮ ಹಿತ್ತಲಿಗೂ ಸುತಳಿ ಬಿತ್ತು. ಮೇಲೆ ನಾಲ್ಕು ಬೆರಳು ಕೆಂಪು ಮಣ್ಣು, ಕೆಳಗೆಲ್ಲ ಕಾಡಿಗೆಯಂಥ ಕರಿ ಉಸುಕು. ಮಗಳು ಕೂರುತ್ತಿದ್ದ ಕಡೆ ಕೆಂಪು ಪೂರಾ ಸವೆದು ಕರಿಯೇ ಮೇಲೆ ಬಂದಿತ್ತು. ಪ್ರಯೋಗಾಲಯದಿಂದ ವರದಿ ಬಂತು: ಸೀಸ ಇದೆ, ಇರಬಾರದಷ್ಟು ಇದೆ.

"ಯಾವ ಹಲ್ಕಟ್ ತಂದ ಸುರುವ್ಯಾನ ಇದನ್ನ?" ಎಂದು ಕೂಗಾಡಿದೆ.

"ನಾನ" ಎಂದರು ಕಾಕಾ.

ನನ್ನ ಕೈಯಲ್ಲಿದ್ದ ವರದಿಯನ್ನು ತೆಗೆದುಕೊಂಡು ಮಡಿಚುತ್ತ ಮುಂದುವರಿಸಿದರು.

"ಇಲ್ಲಿ ತಗ್ಗ ಇತ್ತು. ಮಳಿಗಾಲದಾಗ ನೀರ ನಿಂದರತಿತ್ತು. ನೀ ಆಗ ತೊಟ್ಟಿಲದಾಗ ಇದ್ದಿ. ಫೌಂಡ್ರಿ ಉಸುಕು ಪುಕ್ಕಟ ಸಿಗತಿತ್ತು, ಅಣ್ಣಗ ಆಗಲಿ ಅಂತ ಟ್ರ್ಯಾಕ್ಟರ್ ಹಚ್ಚಿ ತರಿಸಿದೆ. ಎಲ್ಲಾರೂ ಶಾಭಾಸ್ ಅಂದ್ರು. ಬಾಜೂದವರು ಕೇಳಿದ್ರು, ಅವರಿಗೂ ತರಿಸಿ ಕೊಟ್ಟೆ. ಗೊತ್ತಿರಲಿಲ್ಲೋ."

ಹಿಂದವಾಡಿಯಲ್ಲಿ ಅವರು ಇಷ್ಟು ವರ್ಷ ಅಗೆದದ್ದೆಲ್ಲ ತಾವೇ ತುಂಬಿಸಿಕೊಟ್ಟ ಹಿತ್ತಲುಗಳು! ನಮ್ಮದನ್ನು ಅಗೆಯಲು ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡಿದ್ದರು. ನಾನು ಇದನ್ನೆಲ್ಲ ನಗುವ ಕಥೆ ಮಾಡಿ ಆಫೀಸಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಸುಳ್ಳೇಕೆ, ಅವತ್ತು ಅವರ ಮೇಲೆ ವಿಪರೀತ ಸಿಟ್ಟು ಬಂತು. ಗೊತ್ತಿದ್ದೂ ನನ್ನ ಮಗುವನ್ನು ಅಲ್ಲಿ ಆಡಲು ಬಿಟ್ಟರಲ್ಲ ಎಂದು ವಾರವಿಡೀ ಅವರೊಂದಿಗೆ ಮಾತಾಡಲಿಲ್ಲ.

ಕಾಕಾ ಮಾತ್ರ ದಿನಾ ಬಂದರು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಧೂಳು ಏಳದಂತೆ ನೀರು ಚಿಮುಕಿಸಿ, ಆಳುಗಳ ಸಮಕ್ಕೆ ನಿಂತು ಕರಿ ಉಸುಕನ್ನೆಲ್ಲ ಅಗೆದು ಚೀಲಕ್ಕೆ ತುಂಬಿದರು. ಕಚೇರಿಗೆ ಅಲೆದು ಪರವಾನಗಿ ಪಡೆದು, ಅಂಥ ಕಸಕ್ಕೆಂದೇ ಇರುವ ಜಾಗಕ್ಕೆ ಕಳಿಸಿದರು. ಒಳ್ಳೆಯ ಮಣ್ಣು ತರಿಸಿ ಹಾಕಿದರು. ನಾವು ಕೊಟ್ಟ ಚಹಾ ಹೊರಗೇ ನಿಂತು ಕುಡಿದರು.

ಮಗಳ ರಕ್ತ ಪರೀಕ್ಷೆ ಮಾಡಿಸಿದೆವು. ವರದಿ ಕೈಗೆ ಬಂದ ಸಂಜೆ ನಾನೇ ಫೋನ್ ಮಾಡಿದೆ.

"ಕಾಕಾ, ಡಾಕ್ಟರು ಚಿಂತಿ ಮಾಡೂದೇನಿಲ್ಲ ಅಂದ್ರು."

"ಇನ್ನೊಮ್ಮೆ ಹೇಳು" ಎಂದರು. ಹೇಳಿದೆ. ಮತ್ತೆ ಹೇಳಿಸಿಕೊಂಡರು. ಮೂಗು ಒರೆಸಿಕೊಂಡದ್ದು ಕೇಳಿಸಿತು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಮತ್ತ ನಿಂದು?" ಎಂದರು.

"ನಂದೇನು?"

"ನೀನೂ ಆ ಉಸುಕಿನಾಗ ಆಡಿದಾಂವ ಅಲ್ಲೇನೋ. ಬಾಯಾಗ ಹಾಕ್ಕೊಂಡಿದ್ದು ನಾ ನೋಡೇನಿ. ನೋಡಿ ನಕ್ಕೇನಿ." ಮತ್ತೊಮ್ಮೆ ಮೂಗು ಒರೆಸಿಕೊಂಡು ಹೇಳಿದರು: "ನಾಳಿ ಮುಂಜಾನೆ ತಯಾರಿರು, ನಾನ ಕರಕೊಂಡ ಹೋಗ್ತೀನಿ. ಅಂಜಬ್ಯಾಡ, ಸೂಜಿ ಸಣ್ಣದ ಇರತೈತಿ. ನಾ ಕೈ ಹಿಡ್ಕೊತೀನಿ."

ನನಗೆ ಮೂವತ್ತೆಂಟು ವರ್ಷ. ತಲೆಯ ಅರ್ಧ ಕೂದಲು ಹೋಗಿದೆ. "ಹೂಂ ಕಾಕಾ" ಎಂದೆ.